ಬಹುಮಾನದ ಲೆಕ್ಕ, ಹಾಡಿನ ಬೆಲೆ

ಅಮೆರಿಕದ ಕಂಟ್ರಿ ಸಂಗೀತವನ್ನು ಅಲ್ಲಿನ ದಕ್ಷಿಣ ಸೀಮೆಯ ಹಳ್ಳಿಗರ ಹಾಡು ಎಂದು ಸ್ಥೂಲವಾಗಿ ಹೇಳಬಹುದು. ಗಿಟಾರು, ಪಿಟೀಲುಗಳೊಡನೆ ಬೆಳೆದ ಈ ಹಾಡುಗಾರಿಕೆ ಇಂದು ದೊಡ್ಡ ಉದ್ಯಮ. ಆ ಉದ್ಯಮವು ಒಬ್ಬ ಬಾಲೆಗೆ ಕೊಟ್ಟ ಪ್ರಶಸ್ತಿಗಳನ್ನು, ಜಮೆ-ಖರ್ಚು ಬರೆದು ಬದುಕುವ ನನ್ನಂಥ ಗುಮಾಸ್ತ ಓದಿದಾಗ ಕಂಡದ್ದಿಷ್ಟು.

ಲಿಯಾನ್ ರೈಮ್ಸ್ 1982ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ ಟೆಕ್ಸಾಸ್‌ನಲ್ಲಿ ಬೆಳೆದ ಹುಡುಗಿ. ಬಿಲ್ ಮ್ಯಾಕ್ ಬರೆದ ಹಳೆಯ ಹಾಡು ‘ಬ್ಲೂ’ 1996ರಲ್ಲಿ ಆಕೆಯ ಕಂಠದಲ್ಲಿ ಬಂದು ಮನೆಮಾತಾಯಿತು. ಆ ವರ್ಷ ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್ನಿನ ಎರಡು ನಾಮನಿರ್ದೇಶನ ದೊರೆತವು. ಎರಡೂ ಪ್ರಶಸ್ತಿ ಕೈತಪ್ಪಿದವು. 1997ರ ಫೆಬ್ರವರಿಯಲ್ಲಿ ಎರಡು ಗ್ರಾಮಿ ಬಂದವು: ಒಂದು ವರ್ಷದ ಹೊಸ ಕಲಾವಿದೆಯೆಂದು, ಇನ್ನೊಂದು ‘ಬ್ಲೂ’ ಗಾಯನಕ್ಕೆ. ಆಗ ವಯಸ್ಸು 14. ಅದೇ ವರ್ಷ ಅಸೋಸಿಯೇಶನ್ನಿನ ಹೊರೈಜನ್ ಪ್ರಶಸ್ತಿಯೂ ಸಂದಿತು.

ಇವನ್ನು ಕೊಡುವವರು ಸಾಮಾನ್ಯ ಶ್ರೋತೃಗಳಲ್ಲ. ಉದ್ಯಮದಲ್ಲಿರುವ ಸದಸ್ಯರು ಮತ ಹಾಕುತ್ತಾರೆ. ಕಂಠಕ್ಕೆ ಬಿದ್ದ ಮತವೆಷ್ಟು, ಎಳೆವಯಸ್ಸಿಗೆ ಬಿದ್ದದ್ದೆಷ್ಟು ಎಂಬ ಸಂಶಯ ಸಹಜ. ‘ಬ್ಲೂ’ ಕೇಳಿದ ಮೇಲೆ ಕಂಠದ ಬಗ್ಗೆ ಸಂಶಯ ಉಳಿಯದು. ಎದೆಯ ದನಿಯಿಂದ ಕಳ್ಳದನಿಗೆ ಪದದ ನಡುವೆಯೇ ಜಿಗಿದರೂ ಶ್ರುತಿ ಕದಲುವುದಿಲ್ಲ. ಕೊರತೆಯಿರುವುದು ಭಾವದಲ್ಲಿ. ವಿರಹವನ್ನು ಹಾಡುತ್ತಾಳೆ, ವಿರಹಿಯಾಗುವುದಿಲ್ಲ. ಆ ವಯಸ್ಸಿಗೆ ಅದು ಅಪರಾಧವೂ ಅಲ್ಲ.

ಈ ಕೊರತೆ ‘ಹೌ ಡು ಐ ಲಿವ್’ ಹಾಡಿನಲ್ಲಿ ಎದ್ದು ಕಂಡಿತು. ಡಯೇನ್ ವಾರೆನ್ ರಚಿಸಿದ ಅದನ್ನು 1997ರಲ್ಲಿ ರೈಮ್ಸ್ ಮತ್ತು ಹಿರಿಯ ಗಾಯಕಿ ಟ್ರಿಷಾ ಇಯರ್‌ವುಡ್ ಬೇರೆ ಬೇರೆಯಾಗಿ ಹಾಡಿದರು. ಬಿಲ್‌ಬೋರ್ಡಿನ ನೂರು ಹಾಡುಗಳ ಪಟ್ಟಿಯಲ್ಲಿ ರೈಮ್ಸ್ ಹಾಡಿದ್ದು ಒಟ್ಟು 69 ವಾರ ನಿಂತಿತು. ಆ ದಾಖಲೆ 2009ರವರೆಗೆ ಮುರಿಯಲಿಲ್ಲ. 1998ರ ಗ್ರಾಮಿಯ ಒಂದೇ ವಿಭಾಗದಲ್ಲಿ, ಒಂದೇ ಹಾಡಿಗೆ, ಇಬ್ಬರ ಹೆಸರೂ ಇತ್ತು. ವೇದಿಕೆಯಲ್ಲಿ ಅದನ್ನು ಹಾಡಿದವಳು ರೈಮ್ಸ್. ಬೆನ್ನಲ್ಲೇ ಪ್ರಶಸ್ತಿ ಪಡೆದವರು ಇಯರ್‌ವುಡ್.

ನನ್ನ ಕಿವಿಗೆ ಆ ತೀರ್ಪು ಸರಿಯೆನಿಸುತ್ತದೆ. ರೈಮ್ಸ್ ಕಂಠದ ಬಲ ತೋರಿಸುತ್ತಾಳೆ. ಇಯರ್‌ವುಡ್ ದನಿ ತಗ್ಗಿಸಿ ಅಗಲಿಕೆಯ ಭಯವನ್ನು ಕಾಣಿಸುತ್ತಾರೆ.

ಪಟ್ಟಿಯಲ್ಲಿ ಇದು ಸೋಲು. ಆದರೆ ಅಂದು 15ರ ಹುಡುಗಿಗೆ ವಯಸ್ಸಿನ ರಿಯಾಯಿತಿ ಸಿಗಲಿಲ್ಲ. ಹಿರಿಯರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಿದರು. ಬೆಳೆಯುವ ಕಲಾವಿದೆಗೆ ಇದಕ್ಕಿಂತ ದೊಡ್ಡ ಗೌರವ ಬೇರೆ ಬೇಕೆ? ಮಕ್ಕಳ ಬಹುಮಾನಗಳನ್ನು ಷೋಕೇಸಿನಲ್ಲಿಡುವ ನಾವು, ಕೈತಪ್ಪಿದ್ದು ಯಾಕೆಂದೂ ಅವರೊಡನೆ ಕೂತು ಮಾತಾಡಬೇಕು. ಓದುಗರು ಎರಡೂ ಧ್ವನಿಮುದ್ರಣಗಳನ್ನು ಒಂದರ ಹಿಂದೊಂದು ಕೇಳಲಿ; ಅಭಿಪ್ರಾಯ ಬೇರೆಯಾದರೆ ತಿಳಿಸಲಿ.