ಅಚ್ಚಿಗಿಳಿದ ಕುಂಚದ ಬರಹ

ಕೈಬರಹವನ್ನು ಚಿತ್ರಕಲೆಗೆ ಸರಿದೊರೆಯೆಂದು ಭಾವಿಸಿದವರು ಚೀನೀಯರು. ಆ ನಾಡಿನ ಪ್ರಾಚೀನ ಲಿಪಿಕಾರರ ಕುಂಚದ ಬರಹವನ್ನು ಇಂದು ಗಣಕಯಂತ್ರದ ಅಚ್ಚಕ್ಷರಗಳನ್ನಾಗಿ ಮಾಡುತ್ತಿದ್ದಾರೆ. ಶತಮಾನಗಳ ಹಿಂದೆ ಗತಿಸಿದ ಮಹನೀಯನ ಅಕ್ಷರದಲ್ಲಿ ಈಗ ಯಾರು ಬೇಕಾದರೂ ಮದುವೆಯ ಕರೆಯೋಲೆಯನ್ನು ಮುದ್ರಿಸಬಹುದು. ಇದು ಕಲೆಯ ಪುನರುಜ್ಜೀವನವೋ, ಬರಿಯ ಅಣಕವೋ?

ವಾಂಗ್ ಷೀಝಿ 353ರಲ್ಲಿ ಗೆಳೆಯರ ಗೋಷ್ಠಿಯೊಂದರ ಕವನಗಳಿಗೆ ಬರೆದ ‘ಲಾನ್‌ಟಿಂಗ್ ಪೀಠಿಕೆ’ ಈ ಕಲೆಯ ಶಿಖರವೆಂದು ಪ್ರಸಿದ್ಧ. ಮೂಲ ಪ್ರತಿ ಉಳಿದಿಲ್ಲ. ತಾಂಗ್ ಅರಸರ ಕಾಲದ ನಕಲುಗಳಿಂದ ನಾವು ಅದನ್ನು ಬಲ್ಲೆವು. ನಮ್ಮ ಷಷ್ಠೀ ವಿಭಕ್ತಿಯ ಕೆಲಸವನ್ನು ಹೆಚ್ಚಾಗಿ ಮಾಡುವ ‘ಝಿ’ ಎಂಬ ಪುಟ್ಟ ಅಕ್ಷರ ಅದರಲ್ಲಿ ಸುಮಾರು 20 ಸಲ ಬರುತ್ತದೆ. ಒಂದರಂತೆ ಇನ್ನೊಂದಿಲ್ಲ. ಹಿಂದಿನ ಅಕ್ಷರಕ್ಕೆ ಹೊಂದಿಕೊಂಡು, ಮುಂದಿನದಕ್ಕೆ ಎಡೆಗೊಟ್ಟು, ಪ್ರತಿ ಸಲವೂ ಹೊಸದಾಗಿ ಹುಟ್ಟಿದೆ. ಸಾಮಾನ್ಯ ಅಚ್ಚಿನಲ್ಲಾದರೋ ಅಕ್ಷರಕ್ಕೊಂದೇ ರೂಪ. ಒಂದನ್ನು ಉಳಿಸಿ ಮಿಕ್ಕವನ್ನು ಕೈಬಿಡಬೇಕು.

ಹಾಗೆಂದು ಯಂತ್ರವನ್ನು ಹಳಿದು ಸುಮ್ಮನಾಗುವುದು ನ್ಯಾಯವಲ್ಲ. ಇಂಥ ಸಾಹಸ ಚೀನಕ್ಕೆ ಹೊಸದೂ ಅಲ್ಲ. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯದ ವೃತ್ತಾಂತವನ್ನು ಬರೆದಿಟ್ಟ ಹ್ಯೂಯೆನ್ ತ್ಸಾಂಗನ ಬೌದ್ಧ ಗ್ರಂಥಾನುವಾದಗಳಿಗೆ ತಾಂಗ್ ಚಕ್ರವರ್ತಿ ತೈಜೊಂಗನು ಒಂದು ಪೀಠಿಕೆ ಬರೆದನಷ್ಟೆ. ಹುವೈರೆನ್ ಎಂಬ ಭಿಕ್ಷು ಅದನ್ನು ವಾಂಗನ ಅಕ್ಷರಗಳಲ್ಲೇ ಕಲ್ಲಿಗಿಳಿಸಲು ಹೊರಟನು. ವಾಂಗನು ತೀರಿಕೊಂಡು ಆಗಲೇ ಸುಮಾರು 300 ವರ್ಷಗಳಾಗಿದ್ದವು. ಭಿಕ್ಷು ಉಳಿದಿದ್ದ ಬರಹಗಳಿಂದ ಒಂದೊಂದೇ ಅಕ್ಷರವನ್ನು ಆಯ್ದನು. ಸಿಗದವನ್ನು ಬೇರೆ ಅಕ್ಷರಗಳ ಅವಯವಗಳಿಂದ ಜೋಡಿಸಿದನು. 672ರ ಆ ಶಾಸನ ಇಂದಿಗೂ ಶೀಆನ್ ನಗರದ ಶಿಲಾಶಾಸನಗಳ ಸಂಗ್ರಹಾಲಯದಲ್ಲಿದೆ. ಅದರ ಪಡಿಯಚ್ಚುಗಳನ್ನು ಮುಂದಿಟ್ಟುಕೊಂಡು ಎಷ್ಟೋ ತಲೆಮಾರುಗಳು ಬರಹ ಕಲಿತಿವೆ.

ಭಿಕ್ಷುವಿನ ಮುಂದೆ ಗೊತ್ತಾದ ಒಂದು ಪಾಠವಿತ್ತು. ಯಾವ ಅಕ್ಷರದ ನೆರೆಯಲ್ಲಿ ಯಾವುದು ನಿಲ್ಲುವುದೆಂದು ಅವನು ಬಲ್ಲ. ಇಂದಿನ ಅಕ್ಷರಶಿಲ್ಪಿಗೆ ಆ ಅನುಕೂಲವಿಲ್ಲ. ಗಣಕಕ್ಕಾಗಿ ಚೀನ 1980ರಲ್ಲಿ ಗೊತ್ತುಪಡಿಸಿದ ಪಟ್ಟಿಯೊಂದರಲ್ಲೇ 6763 ಚೀನೀ ಅಕ್ಷರಗಳಿವೆ. ಲಾನ್‌ಟಿಂಗ್ ಪೀಠಿಕೆಯಲ್ಲಿರುವುದು, ಮರಳಿ ಬಂದವೂ ಸೇರಿ, 324. ಬೇರೆ ಬರಹಗಳಲ್ಲೂ ದೊರಕದ್ದನ್ನು ಶಿಲ್ಪಿ ತಾನೇ ಕಲ್ಪಿಸಬೇಕು.

ಇಂಥ ಅಚ್ಚನ್ನು ಬೆಲೆಕಟ್ಟುವಾಗ ಎರಡು ಸಂಗತಿಗಳನ್ನು ನೋಡಬೇಕೆಂದು ನನಗೆ ತೋರುತ್ತದೆ. ಒಂದೇ ಅಕ್ಷರಕ್ಕೆ ಹಲವು ರೂಪಗಳನ್ನಿಟ್ಟು, ನೆರೆಯನ್ನು ನೋಡಿ ಆರಿಸುವ ಅನುಕೂಲ ಈಗಿನ ಯಂತ್ರದಲ್ಲಿದೆ, ಅದನ್ನು ಬಳಸಿಕೊಂಡಿದ್ದಾರೆಯೇ? ಹಸ್ತಪ್ರತಿಯಿಂದ ಬಂದ ಅಕ್ಷರ ಯಾವುದು, ಶಿಲ್ಪಿ ಕಟ್ಟಿದ್ದು ಯಾವುದು ಎಂಬುದನ್ನು ತಿಳಿಸಿದ್ದಾರೆಯೇ? ಕಲ್ಪಿಸುವುದು ದೋಷವಲ್ಲ, ಹುವೈರೆನ್ನನೂ ಅದನ್ನೇ ಮಾಡಿದನು. ಕಲ್ಪಿಸಿದ್ದನ್ನೂ ವಾಂಗನ ಕೈಬರಹವೆಂದು ಮಾರಿದರೆ ಮಾತ್ರ, ಮುಂದೆ ಅದನ್ನು ನೋಡಿ ಬರೆಯಲು ಕಲಿಯುವ ಮಗುವಿಗೆ ಅನ್ಯಾಯವಾಗುತ್ತದೆ.