ಉತ್ತರ ಮತ್ತು ಉತ್ತರಾಭಾಸ: ಕಂಪನಿಗಳ ನಿರಾಕರಣೆಯನ್ನು ಓದುವ ಬಗೆ

1

ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಕಲ್ಯಾಣವೆಂದರೆ ಚಾಳುಕ್ಯರ ರಾಜಧಾನಿ, ಶರಣರ ನೆಲೆ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಮುಂಬಯಿ ಪರಿಸರದ ಕನ್ನಡಿಗರಿಗೆ ಅದೇ ಹೆಸರು ಠಾಣೆ ಜಿಲ್ಲೆಯ ಪಟ್ಟಣವೊಂದನ್ನು, ಡೊಂಬಿವಲಿಯ ಆಚೆಗಿರುವ ರೈಲ್ವೆ ಜಂಕ್ಷನ್ನನ್ನು ಸೂಚಿಸುತ್ತದೆ. ಇವೆರಡಕ್ಕೂ ಚಾರಿತ್ರಿಕವಾದ ನಂಟನ್ನು ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಎರಡನೆಯ ಕಲ್ಯಾಣದಲ್ಲಿ ಇಂದು ಕೇಳಿಬರುತ್ತಿರುವ ಸಂಶಯವೊಂದನ್ನು ಅರ್ಥಮಾಡಿಕೊಳ್ಳಲು ಮೊದಲನೆಯ ಕಲ್ಯಾಣದಲ್ಲಿ ಹುಟ್ಟಿದ ಗ್ರಂಥವೊಂದು ನೆರವಾಗಬಲ್ಲದು ಎಂಬುದಷ್ಟೇ ಇಲ್ಲಿಯ ಪ್ರತಿಪಾದನೆ.

ಕಲ್ಯಾಣ-ಡೊಂಬಿವಲಿಯ ಕನ್ನಡ ಓದುಗರೊಡನೆ ಮಾತಿಗೆ ಕುಳಿತಾಗಲೆಲ್ಲ ನಮಗೆ ಎದುರಾಗುವ ಸಂಶಯ ಇದು: ದೂರವಾಣಿ, ಸಂದೇಶ, ಅಂತರಜಾಲ ಸೇವೆಗಳ ಕಂಪನಿಗಳು ತಾವು ಗ್ರಾಹಕರ ಮಾತುಕತೆಯನ್ನು ಸರ್ಕಾರಕ್ಕೆ ಒಪ್ಪಿಸುತ್ತಿಲ್ಲವೆಂದು ಪ್ರಕಟಣೆ ಹೊರಡಿಸಿದರೆ ಯಾರೂ ನಂಬುವುದಿಲ್ಲ. ‘ಇಲ್ಲ ಅಂದರು ಅಂದಮೇಲೆ ಇದ್ದೇ ಇದೆ’ ಎಂಬ ಉದ್ಗಾರವನ್ನು ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಂದಲೂ ಕೇಳಿದ್ದೇವೆ, ನಿವೃತ್ತ ಬ್ಯಾಂಕ್ ನೌಕರರಿಂದಲೂ ಕೇಳಿದ್ದೇವೆ. ಇದನ್ನು ತಿಳಿವಳಿಕೆಯ ಕೊರತೆಯೆಂದೋ ಸಿನಿಕತನವೆಂದೋ ತಳ್ಳಿಹಾಕುವ ವಿದ್ವಾಂಸರುಂಟು. ನಮಗೆ ಹಾಗೆ ತೋರುವುದಿಲ್ಲ.

ಈ ಪ್ರದೇಶದವರಿಗೆ ವಿಷಯ ದೂರದ್ದೂ ಅಲ್ಲ. ನವಿ ಮುಂಬಯಿಯ ಐರೋಲಿ, ಮಹಾಪೆ, ರಬಾಳೆಗಳಲ್ಲಿ ದೇಶದ ದೊಡ್ಡ ದತ್ತಾಂಶ ಕೇಂದ್ರಗಳಿವೆ. ಅದೇ ನವಿ ಮುಂಬಯಿಯ ತಳೋಜಾ ಕಾರಾಗೃಹದಲ್ಲಿ ಭೀಮಾ ಕೋರೆಗಾಂವ್ ಪ್ರಕರಣದ ಹಲವು ಆರೋಪಿಗಳು ವರ್ಷಗಟ್ಟಲೆ ಇದ್ದರು. 2019ರ ಅಕ್ಟೋಬರಿನಲ್ಲಿ ವಾಟ್ಸ್ಯಾಪ್ ಕಂಪನಿಯು, ಇಸ್ರೇಲಿನ ಎನ್‌ಎಸ್‌ಒ ಸಂಸ್ಥೆಯ ಪೆಗಾಸಸ್ ತಂತ್ರಾಂಶವು ಜಗತ್ತಿನ ಸುಮಾರು 1400 ಬಳಕೆದಾರರನ್ನು ಗುರಿಯಾಗಿಸಿತ್ತೆಂದು ಬಹಿರಂಗಪಡಿಸಿತು. ಆಗ ಎಚ್ಚರಿಕೆ ಪಡೆದ ಭಾರತೀಯರಲ್ಲಿ ಈ ಪ್ರಕರಣಕ್ಕೆ ಸಂಬಂಧಿಸಿದ ವಕೀಲರೂ ಇದ್ದರು. ದತ್ತಾಂಶದ ಉಗ್ರಾಣವೂ ಸೆರೆಮನೆಯೂ ಒಂದೇ ಊರಿನಲ್ಲಿರುವಾಗ, ‘ನಾವು ಯಾರಿಗೂ ಏನೂ ಕೊಟ್ಟಿಲ್ಲ’ ಎಂಬ ವಾಕ್ಯವನ್ನು ಹೇಗೆ ಓದಬೇಕು ಎಂಬುದು ಕೇವಲ ಪಾಂಡಿತ್ಯದ ಪ್ರಶ್ನೆಯಾಗಿ ಉಳಿಯದು.

2

ಆರನೆಯ ವಿಕ್ರಮಾದಿತ್ಯನ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಆಸ್ತಿಯ ಹಕ್ಕು, ದಾಯವಿಭಾಗಗಳ ಚರ್ಚೆಗಾಗಿ ಅದು ಬ್ರಿಟಿಷ್ ನ್ಯಾಯಾಲಯಗಳಲ್ಲಿಯೂ ಪ್ರಮಾಣವಾಯಿತು. ಆದರೆ ವ್ಯವಹಾರಾಧ್ಯಾಯದ ಆರಂಭದಲ್ಲಿ ಬರುವ ‘ಉತ್ತರ’ದ ವಿಚಾರ ಸಾಹಿತ್ಯದ ಓದುಗರ ಗಮನವನ್ನು ಅಷ್ಟಾಗಿ ಸೆಳೆದಂತಿಲ್ಲ. ದೂರಿಗೆ ಪ್ರತಿವಾದಿ ಕೊಡುವ ಮಾತನ್ನು ಅಲ್ಲಿ ಒಂದು ಪಠ್ಯವೆಂದು ಬಗೆದು, ಅದರ ಗುಣದೋಷಗಳನ್ನು ಕಾವ್ಯಮೀಮಾಂಸಕರಷ್ಟೇ ಸೂಕ್ಷ್ಮವಾಗಿ ವಿಂಗಡಿಸಲಾಗಿದೆ. ಹಿಂದಿನ ಸ್ಮೃತಿಕಾರರ ಮಾತುಗಳನ್ನೂ ವಿಜ್ಞಾನೇಶ್ವರನು ಇಲ್ಲಿ ಒಟ್ಟುಗೂಡಿಸಿದ್ದಾನೆ.

ಉತ್ತರವನ್ನು ವಾದಿಯ ಸಮ್ಮುಖದಲ್ಲಿಯೇ ಬರೆಸಬೇಕು ಎಂಬುದು ಮೊದಲ ನಿಯಮ. ಉತ್ತರದಲ್ಲಿ ನಾಲ್ಕು ಬಗೆ: ದೂರನ್ನು ಒಪ್ಪಿಕೊಳ್ಳುವ ಸಂಪ್ರತಿಪತ್ತಿ, ಅಲ್ಲಗಳೆಯುವ ಮಿಥ್ಯೆ, ಒಪ್ಪಿಕೊಂಡು ಕಾರಣವೊಡ್ಡುವ ಪ್ರತ್ಯವಸ್ಕಂದನ, ಇದು ಹಿಂದೆಯೇ ತೀರ್ಮಾನವಾಗಿದೆ ಎನ್ನುವ ಪ್ರಾಙ್ನ್ಯಾಯ. ಮಿಥ್ಯೆಯಲ್ಲಿಯೂ ನಾಲ್ಕು ಬಗೆಗಳುಂಟು: ಇದು ಸುಳ್ಳು ಎನ್ನುವುದು, ನಾನರಿಯೆ ಎನ್ನುವುದು, ಆಗ ನಾನಲ್ಲಿರಲಿಲ್ಲ ಎನ್ನುವುದು, ಆಗ ನಾನು ಹುಟ್ಟಿಯೇ ಇರಲಿಲ್ಲ ಎನ್ನುವುದು. ಸರಿಯಾದ ಉತ್ತರವು ದೂರನ್ನು ಪೂರ್ತಿಯಾಗಿ ವ್ಯಾಪಿಸಬೇಕು, ಸಂದೇಹಕ್ಕೆ ಎಡೆಗೊಡಬಾರದು, ಬೇರೊಂದು ವಿವರಣೆಯ ನೆರವಿಲ್ಲದೆ ತಿಳಿಯಬೇಕು. ಹಾಗಿಲ್ಲದ್ದು ಉತ್ತರವಲ್ಲ, ಉತ್ತರಾಭಾಸ. ಸಂದಿಗ್ಧವಾದದ್ದು, ಪ್ರಕೃತಕ್ಕೆ ಹೊರತಾದದ್ದು, ಅತಿ ಕಿರಿದು, ಅತಿ ಹಿರಿದು, ದೂರಿನ ಒಂದು ಭಾಗವನ್ನು ಮಾತ್ರ ಮುಟ್ಟುವಂಥದ್ದು ಎಂದು ಈ ಆಭಾಸಗಳನ್ನು ಎಣಿಸಲಾಗಿದೆ. ಕೊನೆಯದಕ್ಕೆ ‘ಪಕ್ಷೈಕದೇಶವ್ಯಾಪಿ’ ಎಂಬ ಹೆಸರು.

ಇದರೊಡನೆ ಸೇರುವ ಇನ್ನೊಂದು ಮಾತು ನಮಗೆ ಮುಖ್ಯ. ಪ್ರತಿವಾದಿ ಅಲ್ಲಗಳೆದರೆ ಸಾಧಿಸುವ ಹೊಣೆ ವಾದಿಯದು. ಒಪ್ಪಿಕೊಂಡು ಕಾರಣವೊಡ್ಡಿದರೆ ಹೊಣೆ ಪ್ರತಿವಾದಿಯದು. ಅಂದರೆ ಉತ್ತರದ ರೂಪವನ್ನು ಆರಿಸಿಕೊಳ್ಳುವವನು, ಪ್ರಮಾಣದ ಭಾರವನ್ನು ಯಾರ ತಲೆಗೆ ಕಟ್ಟಬೇಕೆಂಬುದನ್ನೂ ಆರಿಸಿಕೊಳ್ಳುತ್ತಾನೆ.

3

ಈಗ ಕೆಲವು ನಿರಾಕರಣೆಗಳನ್ನು ಓದೋಣ. 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡನ್ ಹೊರಗೆಡಹಿದ ದಾಖಲೆಗಳ ಮೂಲಕ ಅಮೆರಿಕದ ‘ಪ್ರಿಸಮ್’ ಯೋಜನೆ ಬೆಳಕಿಗೆ ಬಂದಿತು. ಅದರಲ್ಲಿ ಹೆಸರಿಸಲ್ಪಟ್ಟ ಕಂಪನಿಗಳ ಪ್ರಕಟಣೆಗಳಲ್ಲಿ ಒಂದು ಪದಪುಂಜ ಪುನರಾವರ್ತನೆಗೊಂಡಿತು: ತಮ್ಮ ಸರ್ವರ್‌ಗಳಿಗೆ ಸರ್ಕಾರಕ್ಕೆ ‘ನೇರ ಪ್ರವೇಶ’ ಕೊಟ್ಟಿಲ್ಲ. ಪ್ರಿಸಮ್ ಎಂಬ ಹೆಸರನ್ನೇ ತಾನು ಕೇಳಿಲ್ಲವೆಂದು ಆಪಲ್ ಹೇಳಿತು. ಎರಡನೆಯದು ‘ನಾನರಿಯೆ’ ಎಂಬ ಮಿಥ್ಯೆಯ ಸ್ಪಷ್ಟ ಉದಾಹರಣೆ. ಯೋಜನೆಯ ಒಳಹೆಸರನ್ನು ಅರಿಯದಿರುವುದಕ್ಕೂ ಯೋಜನೆಗೆ ಮಾಹಿತಿ ಹೋಗದಿರುವುದಕ್ಕೂ ಸಂಬಂಧವಿಲ್ಲ. ಮೊದಲನೆಯದು ಪಕ್ಷೈಕದೇಶವ್ಯಾಪಿ. ಜನರ ದೂರು ಮಾಹಿತಿ ಹೋಗುತ್ತಿದೆ ಎಂಬುದು. ಉತ್ತರವಾದರೋ ಅದು ಹೋಗುವ ಬಾಗಿಲನ್ನು ಕುರಿತದ್ದು. ಗುಪ್ತ ನ್ಯಾಯಾಲಯದ ಅಧೀನದಲ್ಲಿ ಹೊರಡುವ ಆದೇಶಗಳಿಗೆ ಈ ಕಂಪನಿಗಳು ಮಣಿಯುತ್ತಿದ್ದವು, ಅದನ್ನು ಹೇಳಲು ಅವಕ್ಕೆ ನಿರ್ಬಂಧವಿತ್ತು ಎಂಬುದು ಬೇಗನೆ ತಿಳಿಯಿತು. ಆದೇಶಗಳ ಸಂಖ್ಯೆಯನ್ನಾದರೂ ಪ್ರಕಟಿಸಲು ಬಿಡಿ ಎಂದು ಗೂಗಲ್ ಆ ನ್ಯಾಯಾಲಯವನ್ನೇ ಕೇಳಿಕೊಳ್ಳಬೇಕಾಯಿತು. ಅದೇ ಅಕ್ಟೋಬರಿನಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು: ಗೂಗಲ್ ಮತ್ತು ಯಾಹೂಗಳ ದತ್ತಾಂಶ ಕೇಂದ್ರಗಳನ್ನು ಜೋಡಿಸುವ ತಂತಿಗಳನ್ನೇ ಬೇಹುಸಂಸ್ಥೆ ಕಂಪನಿಗಳಿಗೆ ತಿಳಿಯದಂತೆ ಭೇದಿಸಿತ್ತು. ಪ್ರಾಮಾಣಿಕವಾದ ನಿರಾಕರಣೆಯೂ ನಿರರ್ಥಕವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಮುಂಬಯಿಗೆ ಹತ್ತಿರದ ಪ್ರಸಂಗ ಬ್ಲ್ಯಾಕ್‌ಬೆರಿಯದು. 2010ರಲ್ಲಿ ಭಾರತ ಸರ್ಕಾರವು ಆ ಫೋನಿನ ಸಂದೇಶಗಳನ್ನು ಓದುವ ಅನುಕೂಲ ಬೇಕೆಂದು, ಇಲ್ಲವಾದರೆ ಸೇವೆಯನ್ನು ನಿಲ್ಲಿಸುವುದಾಗಿ ಆಗಸ್ಟ್ 31ರ ಗಡುವು ವಿಧಿಸಿತು. ತನ್ನ ಬಳಿ ಎಲ್ಲವನ್ನೂ ತೆರೆಯುವ ಕೀಲಿಯಿಲ್ಲ, ಯಾವ ದೇಶದೊಡನೆಯೂ ವಿಶೇಷ ಒಪ್ಪಂದವಿಲ್ಲ ಎಂದು ಕಂಪನಿ ಸಾರಿತು. ದೊಡ್ಡ ಸಂಸ್ಥೆಗಳು ತಮ್ಮ ನೌಕರರಿಗಾಗಿ ಬಳಸುತ್ತಿದ್ದ ಗೂಢಲಿಪಿಯ ಅಂಚೆಯ ಮಟ್ಟಿಗೆ ಆ ಮಾತು ನಿಂತಿತು. ಆದರೆ ಸಾಮಾನ್ಯ ಗ್ರಾಹಕರ ಸಂದೇಶ ಮತ್ತು ಅಂಚೆ ಸೇವೆಗಳಿಗೆ ಕಾನೂನುಬದ್ಧ ಕದ್ದಾಲಿಕೆಯ ಪರಿಹಾರವನ್ನು 2011ರ ಆರಂಭದಲ್ಲಿಯೇ ಒದಗಿಸಿದುದಾಗಿ ಕಂಪನಿ ತಿಳಿಸಿತು. ಮುಂಬಯಿಯಲ್ಲಿ ಅದರ ಸರ್ವರ್ ನೆಲೆಗೊಂಡ ಸುದ್ದಿ 2012ರಲ್ಲಿ ಬಂದಿತು. 2013ರಲ್ಲಿ ವಿವಾದ ಮುಗಿಯಿತು. ಯಾರೂ ಸುಳ್ಳಾಡಿರಲಿಲ್ಲ. ಆದರೆ ‘ಕೀಲಿಯಿಲ್ಲ’ ಎಂಬ ಮಾತು ಕಾಪಾಡಿದ್ದು ದೊಡ್ಡ ಸಂಸ್ಥೆಗಳ ಪತ್ರಗಳನ್ನು, ಲೋಕಲ್ ರೈಲಿನಲ್ಲಿ ನಿಂತು ಸಂದೇಶ ಕಳಿಸುತ್ತಿದ್ದ ಗುಮಾಸ್ತನ ಮಾತನ್ನಲ್ಲ. ಅವನು ಪ್ರಕಟಣೆಯನ್ನು ನಂಬಿದ್ದರೆ ಮೋಸಹೋಗುತ್ತಿದ್ದ.

ಸರ್ಕಾರಗಳ ಉತ್ತರಗಳೂ ಇದಕ್ಕಿಂತ ಭಿನ್ನವಲ್ಲ. ಪೆಗಾಸಸ್ ವಿವಾದ ಮತ್ತೆ ಎದ್ದ 2021ರ ಆಗಸ್ಟಿನಲ್ಲಿ, ಎನ್‌ಎಸ್‌ಒ ಜೊತೆ ಯಾವ ವ್ಯವಹಾರವೂ ಇಲ್ಲವೆಂದು ರಾಜ್ಯಸಭೆಗೆ ತಿಳಿಸಿದ್ದು ರಕ್ಷಣಾ ಸಚಿವಾಲಯ ಮಾತ್ರ. ಒಂದು ಸಚಿವಾಲಯದ ‘ಇಲ್ಲ’ ಇಡೀ ಸರ್ಕಾರದ ‘ಇಲ್ಲ’ ಆಗಲಾರದು.

4

ಇಷ್ಟಾದರೂ ಸಂಶಯದ ನಿಜವಾದ ಬೇರು ಕಂಪನಿಗಳ ಜಾಣತನದಲ್ಲಿಲ್ಲ, ಕಾನೂನಿನ ರಚನೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. 1885ರ ಟೆಲಿಗ್ರಾಫ್ ಕಾಯಿದೆಯ ಕಾಲದಿಂದ 2023ರ ದೂರಸಂಪರ್ಕ ಕಾಯಿದೆಯವರೆಗೆ ಕದ್ದಾಲಿಕೆಯ ಅಧಿಕಾರ ಸರ್ಕಾರದ ಕೈಯಲ್ಲಿದೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿಯುಸಿಎಲ್ ಮೊಕದ್ದಮೆಯಲ್ಲಿ ಕೆಲವು ಕಟ್ಟುಪಾಡುಗಳನ್ನು ವಿಧಿಸಿತು. ಆದೇಶ ಹೊರಡಿಸುವವರು ಗೃಹ ಕಾರ್ಯದರ್ಶಿಗಳು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿರುವವರೂ ಕಾರ್ಯದರ್ಶಿಗಳೇ. ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2009ರಲ್ಲಿ ಬಂದ ನಿಯಮಗಳು ಆದೇಶವನ್ನು ಗೋಪ್ಯವಾಗಿಡುವ ಹೊಣೆಯನ್ನು ಕಂಪನಿಯ ಮೇಲೆ ಹೊರಿಸುತ್ತವೆ, ಕಾಲಾನಂತರ ದಾಖಲೆಗಳನ್ನು ನಾಶಪಡಿಸಲು ಹೇಳುತ್ತವೆ. ಗುರಿಯಾದ ವ್ಯಕ್ತಿಗೆ ಮುಂದೆಂದಾದರೂ ತಿಳಿಸಬೇಕೆಂಬ ವಿಧಿಯಿಲ್ಲ. ವೊಡಾಫೋನ್ ಕಂಪನಿ 2014ರ ಜೂನ್‌ನಲ್ಲಿ 29 ದೇಶಗಳಿಗೆ ಸಂಬಂಧಿಸಿದ ವರದಿಯನ್ನು ಪ್ರಕಟಿಸಿದಾಗ, ಕದ್ದಾಲಿಕೆಯ ಅಂಕಿಸಂಖ್ಯೆಗಳನ್ನು ಹೇಳಲು ಕಾನೂನು ಬಿಡದ ದೇಶಗಳ ಸಾಲಿನಲ್ಲಿ ಭಾರತವನ್ನೂ ಸೇರಿಸಬೇಕಾಯಿತು.

ಇದರ ಪರಿಣಾಮವೇನು? ಆದೇಶ ಬಂದಿರುವ ಕಂಪನಿ ‘ಹೌದು’ ಎನ್ನುವಂತಿಲ್ಲ. ಆದೇಶ ಬಾರದ ಕಂಪನಿ ‘ಇಲ್ಲ’ ಎಂದರೂ ಕೇಳುಗನಿಗೆ ಇವೆರಡರ ವ್ಯತ್ಯಾಸ ತಿಳಿಯುವ ದಾರಿಯಿಲ್ಲ. ಒಪ್ಪಿಕೊಳ್ಳುವ ಸ್ವಾತಂತ್ರ್ಯವಿಲ್ಲದವನ ನಿರಾಕರಣೆ ಸಾಕ್ಷ್ಯವಾಗಲಾರದು. ಅತ್ತ ಮಿಥ್ಯೋತ್ತರದಿಂದಾಗಿ ಸಾಧಿಸುವ ಭಾರ ನಾಗರಿಕನ ಮೇಲೆ ಬೀಳುತ್ತದೆ. ಸಾಧನೆಗೆ ಬೇಕಾದ ದಾಖಲೆ ಮಾತ್ರ ಅವನ ಕೈಗೆ ಎಟುಕದು. ಆದ್ದರಿಂದ ‘ಇಲ್ಲ ಅಂದರು ಅಂದಮೇಲೆ ಇದ್ದೇ ಇದೆ’ ಎಂಬುದು ತರ್ಕದೋಷವಿರುವ ವಾಕ್ಯವಾದರೂ, ‘ಅವರು ಇಲ್ಲ ಎಂದದ್ದರಿಂದ ನನಗೇನೂ ತಿಳಿದಂತಾಗಲಿಲ್ಲ’ ಎಂಬ ಸರಿಯಾದ ತೀರ್ಮಾನವೇ ಅದರೊಳಗೆ ಅಡಗಿದೆ. ಕನ್ನಡಿಗರಿಗೆ ಇದರ ನೆನಪೂ ಹಳೆಯದು. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿ ಸ್ಥಾನವನ್ನು ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ವಿವಾದದಲ್ಲಿ.

ವ್ಯಾಪಾರಿಯ ವೇಷದಲ್ಲಿ ಅರಸನ ಕಣ್ಣು ತಿರುಗುವುದೂ ಹೊಸತಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಗೂಢಚಾರರ ಬಗೆಗಳಲ್ಲಿ ‘ವೈದೇಹಕ’ನನ್ನು, ಎಂದರೆ ವರ್ತಕನ ಸೋಗಿನವನನ್ನು, ಎಣಿಸಿದೆ. ಇಂದಿನ ವರ್ತಕನು ಸೋಗು ಹಾಕಬೇಕಾಗಿಲ್ಲ. ಅವನು ನಿಜವಾದ ವರ್ತಕನೇ. ಸಂಶಯ ಬರುವುದು ಅವನ ಅಂಗಡಿಯ ಹಿಂಬಾಗಿಲಿನ ಬಗ್ಗೆ.

5

ಹಾಗೆಂದು ಜನರ ಸಂಶಯವೆಲ್ಲ ನಿರ್ದುಷ್ಟವೆಂದು ನಾವು ವಾದಿಸುವುದಿಲ್ಲ. ವಿಜ್ಞಾನೇಶ್ವರನು ಉತ್ತರಾಭಾಸಕ್ಕೆ ಮುನ್ನ ಪಕ್ಷಾಭಾಸವನ್ನೂ ಹೇಳಿದ್ದಾನೆ. ಅರ್ಥವಿಲ್ಲದ, ಪ್ರಯೋಜನವಿಲ್ಲದ, ಸಾಧಿಸಲಾಗದ ದೂರು ದೂರೇ ಅಲ್ಲ. ‘ಎಲ್ಲರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ’ ಎಂಬ ಮಾತು ಅಂಥದು. ಅದರಿಂದ ಯಾವ ಕಂಪನಿಗೂ ಯಾವ ಸರ್ಕಾರಕ್ಕೂ ತೊಂದರೆಯಿಲ್ಲ. ಎಲ್ಲವೂ ಗೊತ್ತಿದೆ ಎಂಬ ಭಾವ ಏನನ್ನೂ ಕೇಳದಿರುವುದಕ್ಕೆ ನೆಪವಾಗುತ್ತದೆ. ಖಚಿತವಾದ ದೂರಿನ ಶಕ್ತಿಯೇ ಬೇರೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಸಲ್ಲಿಸಿದ ಅರ್ಜಿಯಿಂದ ಹೊರಟ ಪ್ರಶ್ನೆಗೆ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂಬ ಸರ್ವಾನುಮತದ ಉತ್ತರ ಕೊಟ್ಟಿತು.

ವಾದಿಯ ಎದುರಿನಲ್ಲಿ, ಪ್ರಶ್ನೆಗೆ ಒಳಪಟ್ಟಾಗ ಉತ್ತರ ಹೇಗೆ ಬದಲಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ತಂತ್ರಾಂಶವನ್ನು ನಡೆಸುವವರು ಅದನ್ನು ಕೊಂಡ ಸರ್ಕಾರಗಳು, ತಾನಲ್ಲ ಎಂಬುದು ಎನ್‌ಎಸ್‌ಒ ಸಂಸ್ಥೆಯ ಬಹುಕಾಲದ ವಾದ. ವಾಟ್ಸ್ಯಾಪ್ ಹೂಡಿದ ಮೊಕದ್ದಮೆಯಲ್ಲಿ ಹೊರಬಂದ ಹೇಳಿಕೆಗಳು, ಗಿರಾಕಿಯು ಸಂಖ್ಯೆಯನ್ನು ಕೊಟ್ಟರೆ ಸಾಕು, ಉಳಿದುದನ್ನು ಸಂಸ್ಥೆಯ ವ್ಯವಸ್ಥೆಯೇ ನಡೆಸುತ್ತಿತ್ತೆಂದು ತೋರಿಸಿದವು. 2024ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯ ಸಂಸ್ಥೆಯನ್ನು ಹೊಣೆಯಾಗಿಸಿತು. ನಮ್ಮಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ನೇಮಿಸಿದ ಸಮಿತಿಯು 29 ಫೋನುಗಳನ್ನು ಪರೀಕ್ಷಿಸಿ 5ರಲ್ಲಿ ದುಷ್ಟ ತಂತ್ರಾಂಶವನ್ನು ಕಂಡಿತು. ಅದು ಪೆಗಾಸಸ್ ಎಂದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲವೆಂದು ಸಮಿತಿ ಹೇಳಿರುವುದಾಗಿ 2022ರ ಆಗಸ್ಟಿನಲ್ಲಿ ನ್ಯಾಯಾಲಯ ತಿಳಿಸಿತು.

6

ಮಿತಾಕ್ಷರೆಯ ಮಿತಿಯನ್ನೂ ಇಲ್ಲಿ ಹೇಳದಿದ್ದರೆ ನಮ್ಮ ಓದು ಅಪೂರ್ಣವಾದೀತು. ಆ ಗ್ರಂಥದ ಸಭೆಯಲ್ಲಿ ಅರಸನು ನ್ಯಾಯದರ್ಶಿ. ಅರಸನೇ ಪ್ರತಿವಾದಿಯ ಜೊತೆಗಾರನಾದರೆ ಉತ್ತರವನ್ನು ಯಾರು ಪರೀಕ್ಷಿಸಬೇಕೆಂಬ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ರಾಗ, ಲೋಭ, ಭಯಗಳಿಂದ ತಪ್ಪು ತೀರ್ಪು ಕೊಟ್ಟ ಸಭ್ಯರಿಗೆ ದಂಡವಿದೆ. ಅರಸನ ಸಂಶಯಾಸ್ಪದ ಆಸಕ್ತಿಗೆ ದಂಡವಿಲ್ಲ. ಕಾರ್ಯದರ್ಶಿಗಳ ಆದೇಶವನ್ನು ಕಾರ್ಯದರ್ಶಿಗಳೇ ಪರಿಶೀಲಿಸುವ ಇಂದಿನ ಏರ್ಪಾಡು ಈ ವಿಷಯದಲ್ಲಿ ವಿಕ್ರಮಾದಿತ್ಯನ ಸಭೆಯನ್ನು ದಾಟಿ ಮುಂದೆ ಬಂದಿಲ್ಲ.

ಹೀಗಾಗಿ ಕಂಪನಿಗಳಿಂದ ಇನ್ನಷ್ಟು ಗಟ್ಟಿಯಾದ ನಿರಾಕರಣೆಯನ್ನು ಬೇಡುವುದರಲ್ಲಿ ಅರ್ಥವಿಲ್ಲ. ಒಪ್ಪಿಕೊಳ್ಳಲು ಅವಕಾಶವಿರುವ ಕಾನೂನನ್ನು ಕೇಳಬೇಕು: ಆದೇಶಗಳ ಸಂಖ್ಯೆಯ ಪ್ರಕಟಣೆ, ಪರಿಶೀಲನೆಯಲ್ಲಿ ನ್ಯಾಯಾಧೀಶರ ಪಾಲು, ನಿಗಾ ಮುಗಿದ ಮೇಲಾದರೂ ಆ ವ್ಯಕ್ತಿಗೆ ತಿಳಿವಳಿಕೆ. ಆಗ ‘ಹೌದು’ ಎಂಬುದು ಸಾಧ್ಯವಾಗುತ್ತದೆ, ಅದರಿಂದಲೇ ‘ಇಲ್ಲ’ ಎಂಬುದಕ್ಕೂ ಬೆಲೆ ಬರುತ್ತದೆ. ಅಲ್ಲಿಯವರೆಗೆ ಕಲ್ಯಾಣದ ಓದುಗರು ತಮ್ಮ ಸಂಶಯವನ್ನು ಬಿಡಬೇಕಾಗಿಲ್ಲ. ಅದನ್ನು ಖಚಿತವಾದ ಪ್ರಶ್ನೆಯಾಗಿ ಬರೆದಿಟ್ಟುಕೊಂಡು, ಬಂದ ಉತ್ತರವು ಪ್ರಶ್ನೆಯ ಎಷ್ಟು ಭಾಗವನ್ನು ಮುಟ್ಟಿತೆಂದು ಅಳೆದರೆ ಸಾಕು.