ಪುರುಷನ ಥೈರಾಯಿಡ್ ಮತ್ತು ‘ಅವರ್ ಸ್ಟೋಲನ್ ಫ್ಯೂಚರ್’ : ಒಂದು ಪರಾಮರ್ಶೆ

ಸಾಮಾನ್ಯ ವಾಚಕರಿಗಾಗಿ ರಚಿತವಾದ ವಿಜ್ಞಾನ ಗ್ರಂಥಗಳಲ್ಲಿ ಎರಡು ಬಗೆಯುಂಟು. ತಿಳಿದುದನ್ನು ತಿಳಿಯಾಗಿ ಹೇಳುವುದು ಒಂದು ಬಗೆ. ಇನ್ನೂ ಪೂರ್ಣವಾಗಿ ತಿಳಿಯದುದನ್ನು ಕುರಿತು ಎಚ್ಚರಿಸುವುದು ಮತ್ತೊಂದು. ಎರಡನೆಯದನ್ನು ಬರೆಯುವುದು ಕಷ್ಟ. ಅದರ ಬೆಲೆ ಕಟ್ಟುವುದು ಇನ್ನೂ ಕಷ್ಟ. ಥಿಯೋ ಕಾಲ್ಬರ್ನ್, ಡಯಾನ್ ಡುಮನೋಸ್ಕಿ, ಜಾನ್ ಪೀಟರ್ಸನ್ ಮೈಯರ್ಸ್ ಎಂಬ ಮೂವರು ಕೂಡಿ ಬರೆದು 1996ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ‘ಅವರ್ ಸ್ಟೋಲನ್ ಫ್ಯೂಚರ್’ ಈ ಎರಡನೆಯ ಬಗೆಗೆ ಸೇರಿದ್ದು. ಮನುಷ್ಯನು ತಯಾರಿಸಿದ ರಾಸಾಯನಿಕಗಳು ನೀರು, ಗಾಳಿ, ಆಹಾರಗಳ ಮೂಲಕ ದೇಹವನ್ನು ಹೊಕ್ಕು ಹಾರ್ಮೋನುಗಳ ಕೆಲಸವನ್ನು ಕೆಡಿಸುತ್ತವೆ ಎಂಬುದು ಅದರ ಪ್ರತಿಪಾದನೆ.

ಗ್ರಂಥದ ಮೊದಲ ಗುಣ ಅದರ ನಿರೂಪಣೆ. ಫ್ಲಾರಿಡಾದ ಹದ್ದುಗಳು, ಇಂಗ್ಲೆಂಡಿನ ನೀರುನಾಯಿಗಳು, ಒಂಟೇರಿಯೊ ಸರೋವರದ ಕಡಲಹಕ್ಕಿಗಳು, ಅಪಾಪ್ಕ ಸರೋವರದ ಮೊಸಳೆಗಳು, ಕಡೆಗೆ ಡೆನ್ಮಾರ್ಕಿನ ವೈದ್ಯರು 1992ರಲ್ಲಿ ವರದಿ ಮಾಡಿದ ಪುರುಷವೀರ್ಯದ ಇಳಿತ—ಹೀಗೆ ಬಿಡಿಬಿಡಿಯಾಗಿ ಕಂಡ ಅಪಶಕುನಗಳನ್ನು ಕರ್ತೃಗಳು ಒಂದೇ ದಾರದಲ್ಲಿ ಪೋಣಿಸುತ್ತಾರೆ. ಪಿ.ಸಿ.ಬಿ. ಎಂಬ ವಸ್ತುವಿನ ಒಂದು ಅಣು ಕಾರ್ಖಾನೆಯಿಂದ ಹೊರಟು ಉತ್ತರಧ್ರುವದ ಬಿಳಿಕರಡಿಯ ಕೊಬ್ಬನ್ನು ಸೇರುವವರೆಗಿನ ಪಯಣವನ್ನು ಹೇಳುವ ಅಧ್ಯಾಯವನ್ನು ಓದಿದವರು ಬೇಗನೆ ಮರೆಯಲಾರರು. ಕಾಲ್ಬರ್ನ್ ಐವತ್ತು ದಾಟಿದ ಮೇಲೆ ಪ್ರಾಣಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದುಷಿ. ಪ್ರತಿಯೊಂದು ಶಾಸ್ತ್ರವೂ ತನ್ನ ಬೇಲಿಯೊಳಗೇ ನೋಡುತ್ತಿದ್ದಾಗ ಬೇಲಿಗಳ ಮೇಲಿನಿಂದ ನೋಡುವ ಧೈರ್ಯ ಆಕೆಗಿತ್ತು.

ಆದರೆ ಗ್ರಂಥದ ಗುಣವೇ ಅದರ ದೋಷಕ್ಕೂ ಮೂಲವಾಗಿದೆ. ಕರ್ತೃಗಳು ಇದನ್ನು ಪತ್ತೇದಾರಿಯ ಕಥೆಯೆಂದು ಕರೆದುಕೊಂಡಿದ್ದಾರೆ. ಪತ್ತೇದಾರಿಯ ಕಥೆಗೆ ಕೊನೆಯಲ್ಲಿ ಒಬ್ಬ ಅಪರಾಧಿ ಬೇಕು; ಪ್ರಕೃತಿಯಾದರೋ ಅಂಥ ಅನುಕೂಲವನ್ನು ಯಾವಾಗಲೂ ಒದಗಿಸುವುದಿಲ್ಲ. ಇದಕ್ಕೆ ಥೈರಾಯಿಡ್ ಗ್ರಂಥಿಯ ಪ್ರಕರಣವೇ ನಿದರ್ಶನ. ಅಮೆರಿಕದ ಮಹಾಸರೋವರಗಳ ಸಾಲ್ಮನ್ ಮೀನುಗಳಲ್ಲಿ ಬಹುಮಟ್ಟಿಗೆ ಎಲ್ಲಕ್ಕೂ ಗಳಗಂಡವಿದ್ದುದನ್ನು 1970ರ ದಶಕದಿಂದ ವಿಜ್ಞಾನಿಗಳು ಕಂಡರು. ಅಯೊಡಿನ್ನಿನ ಕೊರತೆಯೊಂದರಿಂದಲೇ ಅದನ್ನು ವಿವರಿಸಲಾಗಲಿಲ್ಲ. ಆ ಮೀನನ್ನು ತಿನ್ನಿಸಿದ ಇಲಿಗಳ ಥೈರಾಯಿಡೂ ಹಿಗ್ಗಿತು. ನೀರಿನಲ್ಲಿ ವಿಷವಿತ್ತು, ಮೀನಿನಲ್ಲಿ ರೋಗವಿತ್ತು ಎಂಬುದು ನಿಜ. ಆದರೆ ಆ ರೋಗವನ್ನು ತಂದ ವಸ್ತು ಇಂಥದೇ ಎಂದು ನಿರ್ಣಯವಾಗಲಿಲ್ಲ. ಸಂಶಯಕ್ಕೂ ತೀರ್ಪಿಗೂ ನಡುವಿನ ಈ ಅಂತರವನ್ನು ಗ್ರಂಥದ ವೇಗವಾದ ಶೈಲಿ ಅನೇಕ ಕಡೆ ಮರೆಸಿಬಿಡುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಮುಖ್ಯವಾದುದು. ಪುರುಷನ ವಿಷಯದಲ್ಲಿ ಗ್ರಂಥದ ಆತಂಕವೆಲ್ಲ ವೀರ್ಯ ಮತ್ತು ಸಂತಾನಶಕ್ತಿಗಳ ಸುತ್ತಲೇ ಸುತ್ತುತ್ತದೆ. ಥೈರಾಯಿಡಿನ ಮಾತು ಬಂದಾಗ ದೃಷ್ಟಿ ಗರ್ಭದಲ್ಲಿ ಬೆಳೆಯುವ ಶಿಶುವಿನ ಮಿದುಳಿನ ಕಡೆಗೆ ತಿರುಗುತ್ತದೆ. ಅದು ಯುಕ್ತವೇ, ಏಕೆಂದರೆ ಅಲ್ಲಿ ಆಗುವ ಹಾನಿ ತುಂಬಿಬಾರದು. ಆದರೆ ದೇಹದ ಶಾಖ, ಹೃದಯದ ಬಡಿತ, ಕೊಬ್ಬಿನ ವ್ಯಯ ಇವೆಲ್ಲವನ್ನೂ ಜೀವನಪರ್ಯಂತ ಆಳುವ ಗ್ರಂಥಿ ವಯಸ್ಕ ಪುರುಷನಿಗೂ ಇದೆಯಷ್ಟೆ! ಕಾರ್ಖಾನೆಯಲ್ಲಿ ದುಡಿಯುವವರಲ್ಲಿ, ಹೊಲಕ್ಕೆ ಔಷಧ ಸಿಂಪಡಿಸುವವರಲ್ಲಿ ಪುರುಷರು ಬಹುಸಂಖ್ಯಾತರು. ಅವರ ರಕ್ತದಲ್ಲಿ ಏನಾಗುತ್ತಿದೆಯೆಂಬ ಪ್ರಶ್ನೆ ಗ್ರಂಥದ ಅಂಚಿನಲ್ಲಿಯೇ ಉಳಿಯುತ್ತದೆ.

ಅನಂತರದ ಸಂಶೋಧನೆಗಳು ಈ ಪ್ರಶ್ನೆಯ ತೊಡಕನ್ನು ತೋರಿಸಿವೆ. ಮಾಲಿನ್ಯಗಳು ಥೈರಾಯಿಡನ್ನು ಮುಟ್ಟುವ ದಾರಿ ಒಂದೇ ಅಲ್ಲ. ಪರ್‌ಕ್ಲೋರೇಟ್ ಎಂಬ ಲವಣವು ಗ್ರಂಥಿಯೊಳಕ್ಕೆ ಅಯೊಡಿನ್ ಹೋಗುವ ಬಾಗಿಲನ್ನೇ ಅಡ್ಡಗಟ್ಟುತ್ತದೆ. ಪಿ.ಸಿ.ಬಿ.ಗಳು ದೇಹದಲ್ಲಿ ಮಾರ್ಪಟ್ಟಾಗ ಹುಟ್ಟುವ ಕೆಲವು ವಸ್ತುಗಳು ರಕ್ತದಲ್ಲಿ ಥೈರಾಕ್ಸಿನನ್ನು ಹೊರುವ ಪ್ರೋಟೀನಿಗೆ ಅಂಟಿಕೊಂಡು ಹಾರ್ಮೋನಿನ ಸ್ಥಳವನ್ನು ಆಕ್ರಮಿಸುತ್ತವೆ. ದಾರಿ ತಿಳಿದ ಮಾತ್ರಕ್ಕೆ ಪ್ರಮಾಣ ತಿಳಿದಂತಾಗಲಿಲ್ಲ. ಅಮೆರಿಕದ ಜನರಲ್ಲಿ 2001-02ರಲ್ಲಿ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ 2006ರಲ್ಲಿ ಹೊರಬಂದ ಅಧ್ಯಯನದಲ್ಲಿ ಪರ್‌ಕ್ಲೋರೇಟಿಗೂ ಥೈರಾಯಿಡ್ ಹಾರ್ಮೋನುಗಳಿಗೂ ಸಂಬಂಧ ಕಂಡುಬಂದದ್ದು ಸ್ತ್ರೀಯರಲ್ಲಿ. ಅದರಲ್ಲಿಯೂ ಅಯೊಡಿನ್ ಕಡಮೆಯಿದ್ದವರಲ್ಲಿ. ಪುರುಷರಲ್ಲಿ ಅದು ಕಾಣಲಿಲ್ಲ.

ಹಾಗಾದರೆ ಪುರುಷನು ಕ್ಷೇಮವೆ? ಇಲ್ಲಿಯೇ ಲೆಕ್ಕದ ವಿವೇಕ ಬೇಕಾಗುತ್ತದೆ. ಅಂಟದ ಬಾಣಲೆಗಳ ಲೇಪನವೇ ಮೊದಲಾದುವುಗಳ ತಯಾರಿಕೆಯಲ್ಲಿ ಬಳಸುತ್ತಿದ್ದ ಫ್ಲೂರಿನ್‌ಯುಕ್ತ ವಸ್ತುಗಳನ್ನು ಕುರಿತು ಇಂಗ್ಲೆಂಡಿನ ಸಂಶೋಧಕರು 2010ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಪರೀಕ್ಷೆಗೆ ಒಳಗಾದ ಅಮೆರಿಕನ್ನರು 3,974 ಮಂದಿ. ಥೈರಾಯಿಡ್ ರೋಗ ಬಂದಿತ್ತೆಂದವರು ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 16, ಪುರುಷರಲ್ಲಿ ಕೇವಲ 3. ಈ ವಸ್ತುಗಳಲ್ಲಿ ಒಂದಕ್ಕೆ ಪುರುಷರಲ್ಲಿ ಸಂಬಂಧ ಸ್ಪಷ್ಟವಾಗಿ ಕಂಡಿತು. ಮತ್ತೊಂದಕ್ಕೆ ಅದು ನಿಶ್ಚಯದ ಅಂಚಿಗೆ ಬಂದು ನಿಂತಿತು. ರೋಗಿಗಳೇ ಇಷ್ಟು ವಿರಳವಾದಾಗ ಸಂಬಂಧ ಕಾಣದಿರುವುದು ಸಂಬಂಧ ಇಲ್ಲವೆನ್ನುವುದಕ್ಕೆ ಸಾಕ್ಷಿಯಾಗದು. ಮೇಲಾಗಿ ಒಬ್ಬ ವ್ಯಕ್ತಿಯಲ್ಲಿ ಥೈರಾಯಿಡ್ ಹಾರ್ಮೋನು ಏರಿಳಿಯುವ ವ್ಯಾಪ್ತಿ ಇಡೀ ಸಮುದಾಯದ ‘ಸಹಜ’ ವ್ಯಾಪ್ತಿಗಿಂತ ಬಹಳ ಕಿರಿದು. ಆದುದರಿಂದ ಒಬ್ಬನಿಗೆ ಗಣನೀಯವಾದ ಇಳಿತವೂ ಪ್ರಯೋಗಶಾಲೆಯ ಕಾಗದದಲ್ಲಿ ಸಹಜವೆಂದೇ ದಾಖಲಾಗಬಹುದು. ಒಂದು ದಿನದ ಶಿಲ್ಕನ್ನು ನೋಡಿ ವರ್ಷದ ವ್ಯವಹಾರವನ್ನು ಊಹಿಸಲಾಗದಂತೆ, ಒಮ್ಮೆ ತೆಗೆದ ರಕ್ತದಿಂದ ಹಲವು ವರ್ಷಗಳ ಸೇವನೆಯನ್ನು ಅಳೆಯುವುದೂ ಸುಲಭವಲ್ಲ.

ಈ ಮಾತು ಉಭಯಪಕ್ಷಗಳಿಗೂ ಅನ್ವಯಿಸುತ್ತದೆ. ಸಂಬಂಧವನ್ನೇ ಕಾರಣವೆಂದು ಸಾರುವ ಅವಸರ ಎಷ್ಟು ದೋಷವೋ, ಸಂಶಯವನ್ನೇ ನಿರ್ದೋಷಿತ್ವವೆಂದು ಸಾರುವ ಉದ್ಯಮಿಗಳ ಜಾಣತನವೂ ಅಷ್ಟೇ ದೋಷ. ‘ಅವರ್ ಸ್ಟೋಲನ್ ಫ್ಯೂಚರ್’ ಮೊದಲನೆಯ ದೋಷದಿಂದ ಪೂರ್ಣವಾಗಿ ಮುಕ್ತವಲ್ಲ. ಆದರೆ ಎರಡನೆಯದನ್ನು ಅದು ಎದುರಿಸಿತೆಂಬುದು ಸಣ್ಣ ಮಾತಲ್ಲ. ರಾಸಾಯನಿಕಗಳನ್ನು ಹಾರ್ಮೋನುಗಳ ದೃಷ್ಟಿಯಿಂದ ಪರೀಕ್ಷಿಸಬೇಕೆಂದು ಅಮೆರಿಕದ ಶಾಸನಸಭೆ ವಿಧಿಸಿದ್ದು ಗ್ರಂಥ ಹೊರಬಂದ 1996ರಲ್ಲಿಯೇ. ಮುಂದೆ ರೂಪುಗೊಂಡ ಪರೀಕ್ಷೆಗಳಲ್ಲಿ ಲೈಂಗಿಕ ಹಾರ್ಮೋನುಗಳ ಜೊತೆಗೆ ಥೈರಾಯಿಡಿಗೂ ಸ್ಥಾನ ದೊರೆಯಿತು.

ಇದು ದೂರದೇಶದ ಚರ್ಚೆಯೆಂದು ಕನ್ನಡಿಗರು ಕೈಬಿಡುವಂತಿಲ್ಲ. ಕಾಸರಗೋಡಿನ ಎಣ್ಮಕಜೆ ಪ್ರದೇಶದ ಪಡ್ರೆಯಲ್ಲಿ ಗೇರುತೋಟಗಳ ಮೇಲೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ವಿಮಾನದಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ 117 ಹುಡುಗರನ್ನು, ಸಿಂಪಡಿಕೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಿ 2003ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಡ್ರೆಯ ಹುಡುಗರಲ್ಲಿ ಪ್ರೌಢತೆ ತಡವಾಗಿತ್ತು, ಟೆಸ್ಟೋಸ್ಟಿರೋನ್ ಕಡಮೆಯಿತ್ತು. ಅಲ್ಲಿಯ ಪ್ರಶ್ನೆ ಥೈರಾಯಿಡಿನದಲ್ಲ. ಆದರೆ ನ್ಯಾಯದ ಪ್ರಶ್ನೆ ಅದೇ. ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನನ್ನು ತಡೆದದ್ದು 2011ರಲ್ಲಿ. ಪೂರ್ಣ ನಿಶ್ಚಯಕ್ಕಾಗಿ ಕಾದ ವರ್ಷಗಳ ಬೆಲೆಯನ್ನು ತೆತ್ತವರು ಆ ಊರಿನ ಮಕ್ಕಳು.

ಆದುದರಿಂದ ಈ ಗ್ರಂಥವನ್ನು ತೀರ್ಪೆಂದು ಓದದೆ ಫಿರ್ಯಾದೆಂದು ಓದುವುದು ಉಚಿತ. ಫಿರ್ಯಾದಿನಲ್ಲಿ ಅತಿಶಯೋಕ್ತಿಯಿರಬಹುದು, ಅಷ್ಟರಿಂದ ವಿಚಾರಣೆಯನ್ನೇ ಕೈಬಿಡುವುದು ನ್ಯಾಯವಲ್ಲ. ಕನ್ನಡದಲ್ಲಿ ಈ ವಿಷಯವನ್ನು ಬರೆಯಹೊರಡುವವರು ಕಾಲ್ಬರ್ನ್ ಮತ್ತು ಸಂಗಡಿಗರಿಂದ ನಿರೂಪಣೆಯ ಶಕ್ತಿಯನ್ನು ಕಲಿಯಲಿ. ಆದರೆ ಅವರು ಅಂಚಿನಲ್ಲಿ ಬಿಟ್ಟ ದುಡಿಯುವ ಪುರುಷನ ರಕ್ತದ ಲೆಕ್ಕವನ್ನು ಪುಟದ ಮಧ್ಯಕ್ಕೆ ತರಲಿ.